ಚುಕ್ಕೆ ಸಿಕ್ತು ಸರಿ, ಈಗ ಎಲ್ಲಿದೆ?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜಿನ ಗೇಟ್ ಪಕ್ಕ ಒಂದು ಫ್ಲೆಕ್ಸ್ ಕಟ್ಟಿದ್ದು ನಿಮಗೆಲ್ಲ ನೆನಪಿರಬಹುದು. ಹಿಂದೆ ಬಣ್ಣ ಬಣ್ಣದ ಗ್ಯಾಲಕ್ಸಿ, ಮುಂದೆ ನಾಲ್ಕು ಜನರ ಫೋಟೋ, ಮೇಲೆ ದಪ್ಪ ಅಕ್ಷರದಲ್ಲಿ “ಹೊಸ ಕ್ಷುದ್ರಗ್ರಹ ಕಂಡುಹಿಡಿದ ನಮ್ಮ ಹೆಮ್ಮೆಯ ವಿದ್ಯಾರ್ಥಿಗಳು”. ಎಡದಿಂದ ಎರಡನೇ ಫೋಟೋ ನನ್ನದು. ಹಾಗಾಗಿ ಈ ಲೇಖನದಲ್ಲಿ ಯಾರನ್ನಾದರೂ ಬೈದರೆ ಮೊದಲು ನನ್ನನ್ನೇ ಬೈದುಕೊಂಡ ಹಾಗೆ.

ನಡೆದದ್ದು ಇಷ್ಟು. ವಿದ್ಯಾರ್ಥಿಗಳಿಗಾಗಿ ನಡೆಯುವ ಒಂದು ಆನ್‌ಲೈನ್ ಕ್ಷುದ್ರಗ್ರಹ ಹುಡುಕಾಟಕ್ಕೆ ನಾವು ನಾಲ್ವರು ಹೆಸರು ಕೊಟ್ಟಿದ್ವಿ. ಆಕಾಶದ ಒಂದೇ ಜಾಗದ ನಾಲ್ಕು ಚಿತ್ರ ಕಳಿಸ್ತಾರೆ, ಎಲ್ಲಾ ಸುಮಾರು ಒಂದು ಗಂಟೆಯೊಳಗೆ ತೆಗೆದದ್ದು. ಅವನ್ನ ಸಾಫ್ಟ್‌ವೇರ್‌ನಲ್ಲಿ ಒಂದಾದ ಮೇಲೊಂದು ಓಡಿಸಿ ನೋಡಬೇಕು. ನಕ್ಷತ್ರಗಳು ಕೂತಲ್ಲೇ ಕೂತಿರ್ತವೆ. ಒಂದು ಚುಕ್ಕೆ ಮಾತ್ರ ಮೆಲ್ಲಗೆ ಸರಿದರೆ ಅದರ ಮೇಲೆ ಕ್ಲಿಕ್ ಮಾಡಿ ವರದಿ ಕಳಿಸಬೇಕು. ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಕೂತು ಅಂಥ ಒಂದು ಚುಕ್ಕೆ ಹಿಡಿದ್ವಿ. ಆ ಹೊತ್ತಿನ ಖುಷಿ ಸುಳ್ಳಲ್ಲ, ಇವತ್ತಿಗೂ ನೆನಪಿದೆ. ಕೆಲವು ವಾರದ ಮೇಲೆ ಸರ್ಟಿಫಿಕೇಟ್ ಬಂತು. ಅದರಲ್ಲಿ ಇದ್ದದ್ದು “ಪ್ರಾಥಮಿಕ ಗುರುತಿಸುವಿಕೆ” ಅಂತ. ಆ ‘ಪ್ರಾಥಮಿಕ’ ಅನ್ನೋ ಪದ ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಬರುವಷ್ಟರಲ್ಲಿ ಅರ್ಧ ಮಾಯವಾಗಿತ್ತು, ಫ್ಲೆಕ್ಸ್‌ಗೆ ಹೋಗುವಷ್ಟರಲ್ಲಿ ಪೂರ್ತಿ ಮಾಯ.

ಫ್ಲೆಕ್ಸಿನ ಫೋಟೋ ಅಪ್ಪನಿಗೆ ಕಳಿಸಿದೆ. ಅಪ್ಪ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಟಿ.ಸಿ. ಯಾವ ಗಾಡಿ ಎಷ್ಟೊತ್ತಿಗೆ ಬಂತು, ಎಷ್ಟೊತ್ತಿಗೆ ಹೊರಟಿತು ಅಂತ ಬರೆದುಕೊಳ್ಳೋದೇ ಅವರ ಕೆಲಸ. ರಾತ್ರಿ ಫೋನ್ ಮಾಡಿದ್ರು.

“ಪುಟ್ಟಿ, ಸ್ಟ್ಯಾಂಡಲ್ಲಿ ಎಲ್ರಿಗೂ ತೋರಿಸ್ದೆ. ಅದಿರ್ಲಿ, ಈಗ ಎಲ್ಲಿದೆ ಅದು?”

“ಮಂಗಳಕ್ಕೂ ಗುರುವಿಗೂ ಮಧ್ಯೆ ಎಲ್ಲೋ ಇದೆ ಅಪ್ಪ.”

“ಎಲ್ಲೋ ಅಂದ್ರೆ? ಮತ್ತೆ ಯಾವಾಗ ಕಾಣುತ್ತೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪ ನಕ್ಕು ಹೇಳಿದ್ರು: “ಬಸ್ಸು ಹೋಗಿದ್ದು ನೋಡ್ದೆ ಅನ್ನೋಕೆ ಸ್ಟ್ಯಾಂಡಲ್ಲಿ ಕಡ್ಲೆಕಾಯಿ ಮಾರೋರೂ ಸಾಕು ಕಣಮ್ಮ. ಯಾವ ಗಾಡಿ, ಎಷ್ಟೊತ್ತಿಗೆ ವಾಪಸ್ ಬರುತ್ತೆ ಅಂತ ಹೇಳೋಕೆ ತಾನೆ ನನ್ನ ಕೂರ್ಸಿರೋದು?”

ಅವರು ತಮಾಷೆಗೆ ಹೇಳಿದ್ದು, ನನಗೆ ನಾಟಿತು. ಅದಾದ ಮೇಲೆ ಒಂದಷ್ಟು ಓದಿದೆ. ಓದಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಚುಕ್ಕೆ ಕಾಣೋದು ಶೋಧ ಅಲ್ಲ, ಅದರ ಕಕ್ಷೆ ತಿಳಿಯೋದು ಶೋಧ. ನಮ್ಮ ಕ್ಲಬ್‌ಗಳು ಮೊದಲನೆಯದಕ್ಕೆ ಫ್ಲೆಕ್ಸ್ ಕಟ್ಟಿ ಎರಡನೆಯದನ್ನು ಕೈಬಿಡುತ್ತಿವೆ. ಇದು ಬರೀ ಖಗೋಳದ ವಿಷಯ ಅಲ್ಲ, ಇಂಜಿನಿಯರ್‌ಗಳಾಗಿ ನಾವು ಯಾವ ಅಭ್ಯಾಸ ಕಲಿಯುತ್ತಿದ್ದೇವೆ ಅನ್ನೋ ವಿಷಯ.

ಓದುವಾಗ ಸಿಕ್ಕ ಒಂದು ಕಥೆ ಹೇಳ್ತೀನಿ. ಕ್ಷುದ್ರಗ್ರಹದ ಹೆಸರು ಮಿಲ್ಡ್ರೆಡ್, ನಂಬರ್ 878. 1916ರ ಸೆಪ್ಟೆಂಬರ್ 6ರಂದು ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಸೇತ್ ನಿಕೋಲ್ಸನ್ ಮತ್ತು ಹಾರ್ಲೋ ಶಾಪ್ಲೆ ಅದನ್ನು ಕಂಡರು. ಇಬ್ಬರೂ ಸಾಮಾನ್ಯರಲ್ಲ. ನಿಕೋಲ್ಸನ್ ತಮ್ಮ ಜೀವಮಾನದಲ್ಲಿ ಗುರುವಿನ ನಾಲ್ಕು ಉಪಗ್ರಹಗಳನ್ನು ಕಂಡುಹಿಡಿದವರು. ಶಾಪ್ಲೆ ನಮ್ಮ ಸೂರ್ಯ ಆಕಾಶಗಂಗೆಯ ಮಧ್ಯದಲ್ಲಿ ಇಲ್ಲ, ಎಲ್ಲೋ ಅಂಚಿನ ಕಡೆಗಿದೆ ಅಂತ ತೋರಿಸಿಕೊಟ್ಟವರು. ಕೈಯಲ್ಲಿದ್ದದ್ದು 60 ಇಂಚಿನ ದೂರದರ್ಶಕ. ಶಾಪ್ಲೆ ಆ ಚುಕ್ಕೆಗೆ ತಮ್ಮ ಪುಟ್ಟ ಮಗಳ ಹೆಸರಿಟ್ಟರು.

ಆಮೇಲೆ ಅದು ಕಳೆದುಹೋಯಿತು.

ಎಲ್ಲೂ ಹೋಗಿರಲಿಲ್ಲ ಅನ್ನಿ. ತನ್ನ ಪಾಡಿಗೆ ಸೂರ್ಯನನ್ನು ಸುತ್ತುತ್ತಲೇ ಇತ್ತು. ಆದರೆ ಅದರ ಕಕ್ಷೆಯನ್ನು ಗಟ್ಟಿ ಮಾಡಿಕೊಳ್ಳುವಷ್ಟು ಕಾಲ ಅದನ್ನು ಹಿಂಬಾಲಿಸಿದ ದಾಖಲೆ ಇರಲಿಲ್ಲ. ಮುಂದೆ ಎಲ್ಲಿ ಹುಡುಕಬೇಕು ಅಂತ ಗೊತ್ತಾಗಲಿಲ್ಲ. ಒಂದೆರಡು ವರ್ಷ ಅಲ್ಲ, ಮುಕ್ಕಾಲು ಶತಮಾನ ಹಾಗೇ ಕಳೆಯಿತು. ಆ ಮಗಳು ಬೆಳೆದು ಮಿಲ್ಡ್ರೆಡ್ ಶಾಪ್ಲೆ ಮ್ಯಾಥ್ಯೂಸ್ ಆದರು, ಗ್ರಹವಿಜ್ಞಾನದ ದೊಡ್ಡ ದೊಡ್ಡ ಗ್ರಂಥಗಳ ಸಂಪಾದಕಿಯಾದರು. ಕ್ಷುದ್ರಗ್ರಹಗಳ ಬಗ್ಗೆ ಸಂಶೋಧಕರು ಇವತ್ತಿಗೂ ತೆಗೆದು ನೋಡುವ 1989ರ ಒಂದು ಗ್ರಂಥದ ಮೂವರು ಸಂಪಾದಕರಲ್ಲಿ ಅವರೂ ಒಬ್ಬರು. ಆ ಪುಸ್ತಕ ಅಚ್ಚಾದಾಗಲೂ ಅವರದೇ ಹೆಸರಿನ ಕ್ಷುದ್ರಗ್ರಹ ನಾಪತ್ತೆ! ಕೊನೆಗೆ 1991ರಲ್ಲಿ ಮೈನರ್ ಪ್ಲಾನೆಟ್ ಸೆಂಟರ್‌ನ ಗ್ಯಾರೆತ್ ವಿಲಿಯಮ್ಸ್ ಅದನ್ನು ಗುರುತಿಸಿದರು. 1985ರಲ್ಲಿ ಒಂದು ರಾತ್ರಿ, 1991ರಲ್ಲಿ ಒಂದು ರಾತ್ರಿ ದಾಖಲಾಗಿದ್ದ ಚುಕ್ಕೆಯೇ 1916ರ ಚುಕ್ಕೆ ಅಂತ ತಿಳಿಯಿತು.

ಕಳೆದುಹೋದದ್ದು ಇದೊಂದೇ ಅಲ್ಲ. 1911ರಲ್ಲಿ ವಿಯೆನ್ನಾದಲ್ಲಿ ಕಂಡ 719 ಆಲ್ಬರ್ಟ್ ಅನ್ನೋದು ಮತ್ತೆ ಸಿಕ್ಕಿದ್ದು 2000ದಲ್ಲಿ. ನಂಬರ್ ಇತ್ತು, ಹೆಸರಿತ್ತು, ಕಲ್ಲು ಮಾತ್ರ ಕೈಗೆ ಸಿಗಲಿಲ್ಲ.

ಹಾಗಾದ್ರೆ ಕಕ್ಷೆ ತಿಳಿಯೋದು ಅಂದ್ರೆ ಏನು? ಆರು ಸಂಖ್ಯೆ, ಅಷ್ಟೇ. ಕಕ್ಷೆ ಒಂದು ದೀರ್ಘವೃತ್ತ. ಅದು ಎಷ್ಟು ದೊಡ್ಡದು, ಎಷ್ಟು ಚಪ್ಪಟೆ ಅಂತ ಹೇಳೋಕೆ ಎರಡು ಸಂಖ್ಯೆ. ಭೂಮಿಯ ಕಕ್ಷೆಯ ಸಮತಲಕ್ಕೆ ಎಷ್ಟು ಓರೆ, ಆ ಓರೆ ಯಾವ ದಿಕ್ಕಿಗೆ, ಸೂರ್ಯನಿಗೆ ಹತ್ತಿರ ಬರುವ ತುದಿ ಯಾವ ಕಡೆಗೆ ಅಂತ ಹೇಳೋಕೆ ಮೂರು. ಇಂಥ ದಿನ ಆ ದಾರಿಯಲ್ಲಿ ಎಲ್ಲಿತ್ತು ಅಂತ ಹೇಳೋಕೆ ಇನ್ನೊಂದು. ಮಿಲ್ಡ್ರೆಡ್‌ನದ್ದೇ ತಗೊಳ್ಳಿ. ಸೂರ್ಯನಿಂದ ಅದರ ಸರಾಸರಿ ದೂರ ಸುಮಾರು 2.36 ಖಗೋಳಮಾನ. ಒಂದು ಖಗೋಳಮಾನ ಅಂದ್ರೆ ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ, ಸುಮಾರು 15 ಕೋಟಿ ಕಿ.ಮೀ. ಮಿಲ್ಡ್ರೆಡ್‌ನ ಉತ್ಕೇಂದ್ರತೆ ಸುಮಾರು 0.23. ಅಂದ್ರೆ ಹತ್ತಿರ ಬಂದಾಗ 1.8, ದೂರ ಹೋದಾಗ 2.9 ಖಗೋಳಮಾನ. ಓರೆ ಸುಮಾರು 2 ಡಿಗ್ರಿ ಮಾತ್ರ. ಪಿಯುಸಿಯಲ್ಲಿ ಓದಿದ ಕೆಪ್ಲರ್ ಮೂರನೇ ನಿಯಮ ಹಾಕಿ ನೋಡಿ: 2.36ರ ಘನ ತೆಗೆದು ವರ್ಗಮೂಲ ಹಿಡಿದರೆ ಸುಮಾರು 3.63 ವರ್ಷ. ಒಂದು ಸುತ್ತಿಗೆ ಮೂರು ವರ್ಷ ಏಳೂವರೆ ತಿಂಗಳು.

ಇಷ್ಟು ತಿಳಿದರೆ ಎಷ್ಟೊಂದು ವಿಷಯ ಬಿಚ್ಚಿಕೊಳ್ಳುತ್ತೆ ನೋಡಿ. ಸೂರ್ಯನಿಂದ 2.5 ಖಗೋಳಮಾನದ ಹತ್ತಿರ ಕ್ಷುದ್ರಗ್ರಹ ಪಟ್ಟಿಯಲ್ಲಿ ಒಂದು ಖಾಲಿ ಜಾಗ ಇದೆ, ಕರ್ಕ್‌ವುಡ್ ತೆರಪು ಅಂತಾರೆ. ಅಲ್ಲಿ ಸುತ್ತುವ ಕಲ್ಲು ಮೂರು ಸುತ್ತು ಮುಗಿಸುವಷ್ಟರಲ್ಲಿ ಗುರು ಸರಿಯಾಗಿ ಒಂದು ಸುತ್ತು ಮುಗಿಸಿರುತ್ತೆ. ಜೋಕಾಲಿಯನ್ನು ಹದ ನೋಡಿ ತಳ್ಳಿದ ಹಾಗೆ ಗುರುವಿನ ಸೆಳೆತ ಮತ್ತೆ ಮತ್ತೆ ಅದೇ ತಾಳಕ್ಕೆ ಬಿದ್ದು, ಕಾಲಕ್ರಮೇಣ ಕಕ್ಷೆ ಉದ್ದುದ್ದ ಆಗಿ ಕಲ್ಲು ಅಲ್ಲಿಂದ ಹೊರಬೀಳುತ್ತೆ. ಮಿಲ್ಡ್ರೆಡ್ ಈ ತೆರಪಿಗಿಂತ ಸ್ವಲ್ಪ ಒಳಗಿದೆ. ಇನ್ನು 1918ರಲ್ಲಿ ಜಪಾನಿನ ಕಿಯೊತ್ಸುಗು ಹಿರಾಯಾಮ ಒಂದು ವಿಷಯ ಗಮನಿಸಿದರು: ಕೆಲವು ಕ್ಷುದ್ರಗ್ರಹಗಳ ಕಕ್ಷೆಯ ಸಂಖ್ಯೆಗಳು ಒಂದಕ್ಕೊಂದು ಹೋಲುತ್ತವೆ, ಬಹುಶಃ ಒಂದೇ ದೊಡ್ಡ ಕಲ್ಲು ಒಡೆದು ಆದ ಚೂರುಗಳು ಅವು. ಮಿಲ್ಡ್ರೆಡ್‌ಗೂ ಅಂಥ ದಾಯಾದಿಗಳಿದ್ದಾರೆ. ಚುಕ್ಕೆಯ ಫೋಟೋ ನೋಡಿದರೆ ಇದ್ಯಾವುದೂ ಗೊತ್ತಾಗಲ್ಲ. ಕಲ್ಲಿನ ಊರು, ಮನೆತನ, ಮುಂದಿನ ಗತಿ ಎಲ್ಲಾ ಇರೋದು ಕಕ್ಷೆಯಲ್ಲಿ.

“ಆರೇ ಸಂಖ್ಯೆ ತಾನೆ, ಏನು ಕಷ್ಟ?” ಅಂತ ನಾನೂ ಅಂದುಕೊಂಡಿದ್ದೆ. ಒಂದು ಸಲ ನೋಡಿದರೆ ಆಕಾಶದಲ್ಲಿನ ಸ್ಥಾನ ಹೇಳುವ ಎರಡು ಸಂಖ್ಯೆ ಸಿಗುತ್ತೆ. ಮೂರು ಸಲ ನೋಡಿದರೆ ಆರು. ಆರು ಸಮೀಕರಣ, ಆರು ಅಪರಿಚಿತ. ಕಾಗದದ ಮೇಲೆ ಲೆಕ್ಕ ಮುಗೀತು. ಆದರೆ ಬಳೆ ಒಡೆದಾಗ ಉಗುರಿನಷ್ಟು ಚೂರು ಕೈಗೆ ಸಿಕ್ಕಿದರೆ ಆ ಬಳೆ ಎಷ್ಟು ದೊಡ್ಡದಿತ್ತು ಅಂತ ಹೇಳಿ ನೋಡೋಣ. ಚೂರು ಸಣ್ಣದಾದಷ್ಟೂ ಅದು ನೇರ ಗೆರೆಯ ಹಾಗೆ ಕಾಣುತ್ತೆ, ಮಗುವಿನ ಬಳೆಯೂ ಆಗಬಹುದು, ಅಜ್ಜಿಯ ಬಳೆಯೂ ಆಗಬಹುದು. ಅಳತೆಯಲ್ಲಿ ಕೂದಲೆಳೆ ತಪ್ಪಾದರೂ ಉತ್ತರ ಎಲ್ಲಿಂದ ಎಲ್ಲಿಗೋ ಹಾರುತ್ತೆ. ಅರ್ಧ ಬಳೆ ಸಿಕ್ಕಿದರೆ ಆ ತೊಂದರೆ ಇಲ್ಲ. ನಮ್ಮ ಹಾಸ್ಟೆಲ್ ರೂಮಿನ ನಾಲ್ಕು ಚಿತ್ರ ಕೊಟ್ಟಿದ್ದು ಒಂದು ಗಂಟೆಯ ಚೂರು. ಮೂರ್ನಾಲ್ಕು ವರ್ಷ ಸುತ್ತುವ ಬಳೆಯಲ್ಲಿ ಒಂದು ಗಂಟೆ!

ಇದೇ ಸಂಕಟ ಮೊದಲ ಕ್ಷುದ್ರಗ್ರಹಕ್ಕೂ ಬಂದಿತ್ತು. 1801ರ ಜನವರಿ 1ರಂದು ಪಲೆರ್ಮೋದಲ್ಲಿ ಜ್ಯುಸೆಪ್ಪೆ ಪಿಯಾಜಿ ಸೆರೆಸ್ ಅನ್ನು ಕಂಡರು. ಫೆಬ್ರವರಿ 11ರವರೆಗೆ ಹಿಂಬಾಲಿಸಿದರು. ಆಮೇಲೆ ಅದು ಸೂರ್ಯನ ಬೆಳಕಿನಲ್ಲಿ ಮುಳುಗಿತು, ಮತ್ತೆ ಎಲ್ಲಿ ಏಳುತ್ತೆ ಅಂತ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಆಗ 24 ವರ್ಷದ ಗೌಸ್ ಆ 41 ದಿನದ ಚೂರನ್ನು ಹಿಡಿದು ಪೂರ್ತಿ ಕಕ್ಷೆ ಲೆಕ್ಕ ಹಾಕಿದ. ಅದೇ ಡಿಸೆಂಬರ್ 31ರ ರಾತ್ರಿ ಫಾನ್ ಜಾಖ್, ಮರುರಾತ್ರಿ ಓಲ್ಬರ್ಸ್, ಅವನ ಲೆಕ್ಕ ಹೇಳಿದ ಜಾಗದ ಹತ್ತಿರವೇ ಸೆರೆಸ್ ಅನ್ನು ಮತ್ತೆ ಕಂಡರು. ಗಣಿತ ಪೇಪರಿನಲ್ಲಿ ಎಂಟು ಮಾರ್ಕ್ಸಿಗೆ ಅಂತ ಬಾಯಿಪಾಠ ಮಾಡುವ ಕರ್ವ್ ಫಿಟ್ಟಿಂಗ್ ಇದೆಯಲ್ಲ, ಅದರ ಲೀಸ್ಟ್ ಸ್ಕ್ವೇರ್ಸ್ ವಿಧಾನಕ್ಕೂ ಗೌಸ್‌ಗೂ ಈ ಕಕ್ಷೆಗಳಿಗೂ ನಂಟಿದೆ. 1809ರಲ್ಲಿ ಅವನು ಕಕ್ಷೆ ಲೆಕ್ಕದ ಮೇಲೆ ಬರೆದ ಪುಸ್ತಕದಲ್ಲೇ ಆ ವಿಧಾನವನ್ನು ವಿವರಿಸಿದ. ನಮಗೆ ಯಾರೂ ಇದನ್ನ ಹೇಳಿಕೊಡಲಿಲ್ಲ, ನಾವೂ ಕೇಳಲಿಲ್ಲ.

ತಪ್ಪು ಹೇಗೆ ಬೆಳೆಯುತ್ತೆ ಅಂತಾನೂ ಒಂದು ಲೆಕ್ಕ ನೋಡಿ. ಮಿಲ್ಡ್ರೆಡ್‌ನ ಒಂದು ಸುತ್ತಿನ ಅವಧಿಯಲ್ಲಿ ನಾವು ಬರೀ ಒಂದು ವಾರ ತಪ್ಪು ಮಾಡಿದ್ವಿ ಅಂತ ಇಟ್ಕೊಳ್ಳಿ. 1916ರಿಂದ 1991ಕ್ಕೆ ಅದು ಸುಮಾರು 20 ಸುತ್ತು ಮುಗಿಸಿತ್ತು. 20 ವಾರ, ಅಂದ್ರೆ 140 ದಿನದ ತಪ್ಪು. ದಿನಕ್ಕೆ ಸರಾಸರಿ 0.27 ಡಿಗ್ರಿಯಂತೆ ಅದು ತನ್ನ ದಾರಿಯಲ್ಲಿ ಸುಮಾರು 38 ಡಿಗ್ರಿ ಆಚೆ ಇರುತ್ತೆ. ಹುಣ್ಣಿಮೆ ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಅಂತ ನೆನಪಿಸಿಕೊಂಡರೆ ಇದು ಎಷ್ಟು ದೊಡ್ಡ ತಪ್ಪು ಅಂತ ಗೊತ್ತಾಗುತ್ತೆ. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುವ ಗೋಡೆ ಗಡಿಯಾರವನ್ನು ಒಂದು ದಿನಕ್ಕೆ ನಂಬಬಹುದು, ಒಂದು ವರ್ಷಕ್ಕೆ ನಂಬಿದರೆ ಬಸ್ಸು ತಪ್ಪುತ್ತೆ.

ಅದಕ್ಕೇ ಈಗ ಸುಮ್ಮನೆ ನಂಬರ್ ಕೊಡಲ್ಲ. ಮೊದಲು ತಾತ್ಕಾಲಿಕ ಹೆಸರು. ಆ ಕ್ಷುದ್ರಗ್ರಹ ಸೂರ್ಯನಿಗೆ ಎದುರು ದಿಕ್ಕಿಗೆ ಬಂದು ರಾತ್ರಿಯಲ್ಲಿ ಚೆನ್ನಾಗಿ ಕಾಣುವ ಅವಧಿ ಇರುತ್ತಲ್ಲ, ಸಾಮಾನ್ಯವಾಗಿ ಅಂಥ ನಾಲ್ಕು ಅವಧಿಗಳಲ್ಲಾದರೂ ಅದನ್ನು ಕಂಡು ಕಕ್ಷೆ ಗಟ್ಟಿಯಾದ ಮೇಲೆ ಕಾಯಂ ನಂಬರ್. ಹೆಸರಿಡೋ ಮಾತು ಅದಾದ ಮೇಲೆ. ಹೀಗೆ ನಂಬರ್ ಪಡೆದವು ಇವತ್ತು 7 ಲಕ್ಷಕ್ಕೂ ಹೆಚ್ಚು. ಮಿಲ್ಡ್ರೆಡ್‌ನಂಥ ಕಕ್ಷೆಗೆ ಅಂಥ ಒಂದು ಅವಧಿಯಿಂದ ಇನ್ನೊಂದಕ್ಕೆ ಸುಮಾರು ಹದಿನಾರೂವರೆ ತಿಂಗಳು. ಮೊದಲನೆಯದರಿಂದ ನಾಲ್ಕನೆಯದಕ್ಕೆ ನಾಲ್ಕು ವರ್ಷದ ಮೇಲೆ ಒಂದೆರಡು ತಿಂಗಳು. ಹಳೇ ಚಿತ್ರಗಳಲ್ಲಿ ಸಿಕ್ಕಿಬಿಟ್ಟರೆ ಬೇಗ ಆಗಬಹುದು. ಇಲ್ಲದಿದ್ದರೆ ಫಸ್ಟ್ ಸೆಮ್‌ನಲ್ಲಿ ಚುಕ್ಕೆ ಕಂಡವಳಿಗೆ ಡಿಗ್ರಿ ಕೈಗೆ ಬಂದ ಮೇಲೆ ಆ ಚುಕ್ಕೆಗೆ ನಂಬರ್. ನಾವು ಫ್ಲೆಕ್ಸ್ ಕಟ್ಟಿದ್ದು ನಾಲ್ಕನೇ ವಾರಕ್ಕೆ!

ಇದೆಲ್ಲ ಲೆಕ್ಕದ ಮಡಿವಂತಿಕೆ ಅನ್ನೋರಿಗೆ 2025ರ ಫೆಬ್ರವರಿ ನೆನಪಿಸ್ತೀನಿ. 2024 ವೈಆರ್4 ಅನ್ನೋ ಕ್ಷುದ್ರಗ್ರಹ 2032ರಲ್ಲಿ ಭೂಮಿಗೆ ಬಡಿಯುವ ಸಾಧ್ಯತೆ ಶೇಕಡಾ 1, ಆಮೇಲೆ 2, ಆಮೇಲೆ 3 ದಾಟಿತು ಅಂತ ಸುದ್ದಿ ಬಂತು. ಮುಂದಿನ ಕೆಲವೇ ದಿನಗಳಲ್ಲಿ ಆ ಸಂಖ್ಯೆ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ನಮ್ಮ ಗ್ರೂಪುಗಳಲ್ಲಿ “ವಿಜ್ಞಾನಿಗಳಿಗೇ ಗೊತ್ತಿಲ್ಲ” ಅಂತ ನಗು. ಗೊತ್ತಿಲ್ಲದ್ದು ನಮಗೆ. ಅದು ಮುಖ್ಯ ಪಟ್ಟಿಯದ್ದಲ್ಲ, ಭೂಮಿಯ ಹತ್ತಿರ ಸುಳಿಯುವ ಜಾತಿ, ಆದರೆ ಲೆಕ್ಕ ಒಂದೇ. ಅವತ್ತು ಆ ಕಲ್ಲು ಇರಬಹುದಾದ ಜಾಗ ಅಂತ ಮೊದಲು ಒಂದು ಉದ್ದನೆಯ ಪಟ್ಟೆ ಇರುತ್ತೆ, ಭೂಮಿ ಅದರೊಳಗೆ ಒಂದು ಕಾಳಿನಷ್ಟು. ಹೊಸ ಹೊಸ ವೀಕ್ಷಣೆ ಸೇರಿದ ಹಾಗೆ ಪಟ್ಟೆ ಕಿರಿದಾಗುತ್ತೆ. ಭೂಮಿ ಇನ್ನೂ ಅದರೊಳಗೇ ಇದ್ದರೆ ಕಾಳಿನ ಪಾಲು ಹೆಚ್ಚಾಗುತ್ತೆ, ಶೇಕಡಾವಾರು ಏರುತ್ತೆ. ಪಟ್ಟೆ ಇನ್ನೂ ಕಿರಿದಾಗಿ ಭೂಮಿ ಅದರ ಆಚೆ ಬಿದ್ದ ಕೂಡಲೇ ಸೊನ್ನೆ. ಆ ಸೊನ್ನೆ ಸಿಕ್ಕಿದ್ದು ಮೊದಲು ಕಂಡವರಿಂದ ಅಲ್ಲ, ಆಮೇಲೆ ರಾತ್ರಿ ರಾತ್ರಿ ಎದ್ದು ಅಳೆದವರಿಂದ. ಅವರ ಫ್ಲೆಕ್ಸ್ ಎಲ್ಲೂ ನೋಡಿಲ್ಲ ನಾನು.

ನಮ್ಮ ಕಡೆಯೂ ಈ ಕೆಲಸ ಮಾಡಿದವರಿದ್ದಾರೆ. ಬೆಂಗಳೂರಿನ ಕೋರಮಂಗಲದಲ್ಲಿ ಮುಖ್ಯ ಕಚೇರಿ ಇರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ವೀಕ್ಷಣಾಲಯ ತಮಿಳುನಾಡಿನ ಕಾವಲೂರಿನಲ್ಲಿದೆ. ಅಲ್ಲಿ ಆರ್. ರಾಜಮೋಹನ್ 1988ರಲ್ಲಿ ಕಂಡ ಒಂದು ಕ್ಷುದ್ರಗ್ರಹ ಇವತ್ತು 4130 ರಾಮಾನುಜನ್. ಹೆಸರಿನ ಮುಂದಿನ ಆ ನಾಲ್ಕಂಕಿ ಸುಮ್ಮನೆ ಬಂದದ್ದಲ್ಲ. ಇದರ ದಾರಿ ಗೊತ್ತು, ಕೇಳಿದ ದಿನ ಎಲ್ಲಿದೆ ಅಂತ ಹೇಳಬಹುದು ಅನ್ನೋದಕ್ಕೆ ಸಾಕ್ಷಿ ಅದು.

ಈಗ ನನ್ನ ರೂಮ್‌ಮೇಟ್ ಕೇಳಿದ ಪ್ರಶ್ನೆ. “ಹೋಗ್ಲಿ ಬಿಡೇ, ಫ್ಲೆಕ್ಸ್ ನೋಡಿ ನಾಲ್ಕು ಜೂನಿಯರ್ಸ್ ಕ್ಲಬ್ಬಿಗೆ ಸೇರಿದ್ರು. ಅದನ್ಯಾಕೆ ಹಾಳು ಮಾಡ್ತೀಯ?” ನ್ಯಾಯವಾದ ಮಾತೇ. ಹಳ್ಳಿಯಿಂದ ಬಂದ ಹುಡುಗಿಗೆ, ಮನೆಯಲ್ಲಿ ದೂರದರ್ಶಕ ಇಲ್ಲದವಳಿಗೆ, ಪ್ರಪಂಚದ ದೊಡ್ಡ ದೂರದರ್ಶಕವೊಂದರ ಚಿತ್ರ ಮುಟ್ಟುವ ಅವಕಾಶ ಸಣ್ಣದಲ್ಲ. ನಾನೇ ಆ ಹುಡುಗಿ. ಇಂಥ ಹುಡುಕಾಟಗಳು ನಿಲ್ಲಬೇಕು ಅಂತ ನಾನು ಹೇಳ್ತಿಲ್ಲ. ಅವರು ಸರ್ಟಿಫಿಕೇಟಿನಲ್ಲಿ ಸರಿಯಾಗೇ ಬರೆದಿದ್ದರು, ಪದ ಕಳೆದದ್ದು ನಾವು. ಆದರೆ ‘ಪ್ರಾಥಮಿಕ’ವನ್ನು ಬಿಟ್ಟು ಹೇಳೋ ಅಭ್ಯಾಸ ಇಲ್ಲಿಗೇ ನಿಲ್ಲಲ್ಲ. ಒಂದು ಸಲ ಓಡಿದ ಪ್ರಾಜೆಕ್ಟನ್ನು “ವರ್ಕಿಂಗ್ ಮಾಡೆಲ್” ಅಂತೀವಿ. ಮೂರು ರೀಡಿಂಗ್ ತಗೊಂಡು ಉಳಿದ ಏಳನ್ನು ಗ್ರಾಫ್ ನೋಡಿ ತುಂಬಿಸ್ತೀವಿ. ನಾಳೆ ಸೇತುವೆಗೋ ಬ್ರೇಕಿಗೋ ಲೆಕ್ಕ ಹಾಕುವ ಕೈಗಳು ಇವೇ. ಖುಷಿ ಸುಳ್ಳಿನ ಮೇಲೆ ನಿಲ್ಲಬೇಕಾಗಿಲ್ಲ. “ನಾನೊಂದು ಚುಕ್ಕೆ ಕಂಡೆ, ಅದರ ದಾರಿ ಇನ್ನೂ ಹುಡುಕ್ತಾ ಇದೀವಿ” ಅನ್ನೋದು ಕಮ್ಮಿ ರೋಮಾಂಚನವೇ?

ಬರೀ ಟೀಕೆ ಮಾಡಿ ಹೋಗಬಾರದು ಅಂತ ಮೂರು ಸಲಹೆ. ಒಂದು, ಮುಂದಿನ ಸಲ ಪೋಸ್ಟರಿನಲ್ಲಿ ಸರ್ಟಿಫಿಕೇಟಿನಲ್ಲಿರುವ ಪದವನ್ನೇ ಹಾಕೋಣ. ಎರಡು, ಕ್ಲಬ್ಬಿನಲ್ಲಿ ಒಂದು ರಿಜಿಸ್ಟರ್ ಇಡೋಣ. ಯಾವ ಚುಕ್ಕೆ, ಯಾವ ದಿನ, ಆಮೇಲೆ ಬೇರೆ ಯಾರಾದರೂ ಕಂಡರಾ, ತಾತ್ಕಾಲಿಕ ಹೆಸರು ಬಂತಾ ಅಂತ ಪ್ರತಿ ಸೆಮಿಸ್ಟರ್ ನೋಡಿ ಬರೆಯೋದು. ನಾಲ್ಕು ವರ್ಷದ ಕೆಲಸ ಒಬ್ಬರ ಕೈಯಲ್ಲಿ ಮುಗಿಯಲ್ಲ, ಸೀನಿಯರ್ ಜೂನಿಯರ್‌ಗೆ ಒಪ್ಪಿಸಿ ಹೋಗಬೇಕು. ಮೂರು, ಕಕ್ಷೆ ಲೆಕ್ಕವನ್ನು ಒಂದು ಮಿನಿ ಪ್ರಾಜೆಕ್ಟ್ ಮಾಡೋಣ. ಮೈನರ್ ಪ್ಲಾನೆಟ್ ಸೆಂಟರ್‌ನಲ್ಲಿ ವೀಕ್ಷಣೆಗಳು ಎಲ್ಲರಿಗೂ ಸಿಗುವ ಹಾಗಿವೆ. ಒಂದು ಕ್ಷುದ್ರಗ್ರಹದ 40 ದಿನದ ಅಂಕಿ ಮಾತ್ರ ತಗೊಂಡು ಕಕ್ಷೆ ಕಟ್ಟಿ, ಹತ್ತು ವರ್ಷದ ಮೇಲೆ ಅದು ಎಲ್ಲಿರಬೇಕು ಅಂತ ಹೇಳಿ, ನಿಜವಾಗಿ ಎಲ್ಲಿತ್ತು ಅಂತ ಹೋಲಿಸಿ. ಎಷ್ಟು ತಪ್ಪಾಯ್ತು ಅನ್ನೋದನ್ನೇ ರಿಪೋರ್ಟಿನ ಮೊದಲ ಪುಟದಲ್ಲಿ ಬರೆಯಿರಿ. ಲ್ಯಾಪ್‌ಟಾಪ್ ಸಾಕು, ದೂರದರ್ಶಕ ಬೇಡ.

ನನ್ನ ರೆಸ್ಯೂಮೆಯಲ್ಲಿ “ಕ್ಷುದ್ರಗ್ರಹ ಕಂಡುಹಿಡಿದಿದ್ದೇನೆ” ಅಂತ ಒಂದು ಸಾಲಿತ್ತು. ಪ್ಲೇಸ್‌ಮೆಂಟ್ ಹತ್ತಿರ ಇರೋದರಿಂದ ತೆಗೆಯೋಕೆ ಎರಡು ದಿನ ಹಿಂದೆ ಮುಂದೆ ನೋಡಿದೆ, ಸುಳ್ಳು ಹೇಳಲ್ಲ. ಈಗ ಅಲ್ಲಿ “ಪ್ರಾಥಮಿಕವಾಗಿ ಗುರುತಿಸಿದ ತಂಡದಲ್ಲಿದ್ದೆ” ಅಂತ ಇದೆ. ರಿಜಿಸ್ಟರಿನ ಮೊದಲ ಪುಟದಲ್ಲಿ ನಮ್ಮ ಚುಕ್ಕೆಯ ದಿನಾಂಕ, ಸ್ಥಾನ ಬರೆದಿಟ್ಟಿದ್ದೇನೆ. ಮುಂದಿನ ಖಾನೆ ಖಾಲಿ ಇದೆ.

ಮೊನ್ನೆ ಊರಿಗೆ ಹೋದಾಗ ಅಪ್ಪ ಮತ್ತೆ ಕೇಳಿದ್ರು, ಸಿಕ್ತಾ ಅಂತ. ಇನ್ನೂ ಇಲ್ಲ ಅಪ್ಪ, ಹುಡುಕ್ತಾ ಇದೀವಿ ಅಂದೆ. “ಹಂಗೆ ಬರ್ಕೋ ಮತ್ತೆ, ಗಾಡಿ ಬಂದಿಲ್ಲ ಅಂತಾನೂ ಬರೀಬೇಕು” ಅಂದ್ರು. ಬರೆದಿದ್ದೇನೆ.